ಔಚಿತ್ಯದ ಎಲ್ಲೆ



ಒಂದು ಭಾಷೆಯ ಶಬ್ದವನ್ನು ಇನ್ನೊಂದು ಭಾಷೆಗೆ ತರುವಾಗ ನಿಘಂಟು ನಮ್ಮನ್ನು ಹೊಸ್ತಿಲವರೆಗೆ ಕರೆದೊಯ್ದು ನಿಲ್ಲಿಸುತ್ತದೆ. ಮನೆಯ ಒಳಗನ್ನು ತಿಳಿಯಬೇಕಾದರೆ ಆ ಶಬ್ದದ ಕುಲಮೂಲವನ್ನೂ ನಡೆದುಬಂದ ದಾರಿಯನ್ನೂ ವಿಚಾರಿಸಬೇಕಾಗುತ್ತದೆ. ಇಂಗ್ಲಿಷಿನ ‘ಪ್ರೊಪ್ರೈಟಿ’ ಎಂಬುದು ಅಂತಹ ಒಂದು ಶಬ್ದ. ಔಚಿತ್ಯ, ಯುಕ್ತಾಯುಕ್ತತೆ, ಸಭ್ಯತೆ, ಮರ್ಯಾದೆ ಎಂದು ಕನ್ನಡದಲ್ಲಿ ಅದಕ್ಕೆ ಅರ್ಥ ಹೇಳುವುದುಂಟು. ಇವೆಲ್ಲವೂ ಒಪ್ಪತಕ್ಕವುಗಳೇ. ಆದರೂ ಈ ಶಬ್ದದ ಹೊಟ್ಟೆಯಲ್ಲಿರುವ ಒಂದು ವಿಷಯ ಈ ಅರ್ಥಗಳಲ್ಲಿ ಹೊರಬರುವುದಿಲ್ಲ. ಅದನ್ನು ತಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿ ಅನಂತರ ವಿಶ್ವವಿದ್ಯಾನಿಲಯದ ಮೆಟ್ಟಿಲೇರಿದವರು ನಾವು. ಔಚಿತ್ಯವೆಂದೊಡನೆ ನಮಗೆ ನೆನಪಾಗುತ್ತಿದ್ದವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ. ಸೊಂಟಕ್ಕೆ ಕಟ್ಟುವ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡು ಯಾರು ತಾನೆ ನಗುವುದಿಲ್ಲ ಎಂದು ‘ಔಚಿತ್ಯವಿಚಾರಚರ್ಚಾ’ ಗ್ರಂಥದಲ್ಲಿ ಆತ ಕೇಳುತ್ತಾನೆ. ಆಭರಣ ಚಿನ್ನದ್ದೇ ಆದರೂ ಸ್ಥಾನ ತಪ್ಪಿದರೆ ಶೋಭಿಸದು. ಆದ್ದರಿಂದ ಇಂಗ್ಲಿಷಿನ ಶಬ್ದವೂ ಇಷ್ಟನ್ನೇ ಹೇಳುತ್ತದೆಂದು ನಮ್ಮ ತರಗತಿಯವರೆಲ್ಲರ ಎಣಿಕೆಯಾಗಿತ್ತು. ಇಂಗ್ಲಿಷ್ ಅಧ್ಯಾಪಕರು ಒಂದು ದಿನ ಕರಿಹಲಗೆಯ ಮೇಲೆ ‘ಪ್ರಾಪರ್ಟಿ’, ‘ಪ್ರೊಪ್ರೈಟಿ’ ಎಂಬೆರಡು ಶಬ್ದಗಳನ್ನು ಒಂದರ ಪಕ್ಕದಲ್ಲೊಂದು ಬರೆದು, ಇವೆರಡೂ ಒಂದೇ ತಾಯಿಯ ಮಕ್ಕಳು ಎಂದರು. ತರಗತಿ ಬೆರಗಾಯಿತು. ಆಸ್ತಿಗೂ ಸಭ್ಯತೆಗೂ ಎಲ್ಲಿಯ ಸಂಬಂಧ?

ಸಂಬಂಧವುಂಟು. ‘ತನ್ನದು’, ‘ಸ್ವಂತದ್ದು’ ಎಂಬ ಅರ್ಥದ ‘ಪ್ರೊಪ್ರಿಯುಸ್’ ಎಂಬ ಲ್ಯಾಟಿನ್ ಶಬ್ದದಿಂದ, ಫ್ರೆಂಚ್ ಭಾಷೆಯ ಮೂಲಕ, ಇವೆರಡೂ ಇಂಗ್ಲಿಷಿಗೆ ಬಂದವು. 1651ರಲ್ಲಿ ಪ್ರಕಟವಾದ ‘ಲೆವಯಾಥನ್’ ಗ್ರಂಥದಲ್ಲಿ ಥಾಮಸ್ ಹಾಬ್ಸನು ಪ್ರಜೆಗಳ ಒಡೆತನದ ಮಾತು ಬಂದಾಗ ಬಳಸುವುದು ‘ಪ್ರೊಪ್ರೈಟಿ’ ಎಂಬ ಶಬ್ದವನ್ನೇ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಹೊರತಂದಾಗಲೂ ಈ ಶಬ್ದಕ್ಕೆ ಕೊಟ್ಟ ಮೊದಲನೆಯ ಅರ್ಥ ಸ್ವಾಮ್ಯವೆಂದೇ. ನಾಲ್ಕು ವರ್ಷಗಳ ತರುವಾಯ, 1759ರಲ್ಲಿ, ಆಡಂ ಸ್ಮಿತ್ ನೈತಿಕ ಭಾವನೆಗಳನ್ನು ಕುರಿತ ತನ್ನ ಗ್ರಂಥದ ಮೊದಲನೆಯ ಭಾಗವನ್ನೇ ಕ್ರಿಯೆಯ ‘ಪ್ರೊಪ್ರೈಟಿ’ಗೆ ಮೀಸಲಿಟ್ಟನು. ಕೋಪವಾಗಲಿ ದುಃಖವಾಗಲಿ ತನ್ನ ಕಾರಣಕ್ಕೆ ತಕ್ಕಷ್ಟಿದೆಯೇ ಎಂಬುದು ಅವನ ಪ್ರಶ್ನೆ. ಹೀಗೆ ಹೊಲಮನೆಗಳ ಒಡೆತನವನ್ನು ಹೇಳುತ್ತಿದ್ದ ಶಬ್ದವು ನಡತೆಯನ್ನು ಅಳೆಯುವ ಶಬ್ದವಾಯಿತು. ಹಳೆಯ ಅರ್ಥ ಬಳಕೆಯಿಂದ ಮರೆಯಾದರೂ ಬೇರು ಮಾತ್ರ ಉಳಿದುಕೊಂಡಿದೆ ಎಂದು ನಮಗೆ ತೋರುತ್ತದೆ.

ಆ ಬೇರನ್ನು ಕಾಣಲು ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಕಾದಂಬರಿಯ ಒಂದು ಪ್ರಸಂಗವನ್ನು ನೋಡಬಹುದು. ಮೇರಿಯಾನ್ ಎಂಬ ತರುಣಿ ತಾನು ಮೆಚ್ಚಿದ ಯುವಕನೊಡನೆ ವೃದ್ಧೆಯೊಬ್ಬಳ ಮನೆಗೆ ಹೋಗಿ, ಅದನ್ನು ಮೂಲೆಮೂಲೆಯೂ ಬಿಡದೆ ನೋಡಿ ಬರುತ್ತಾಳೆ. ಮುಂದೆ ಆ ಮನೆ ಯುವಕನಿಗೇ ಬರುವ ನಿರೀಕ್ಷೆಯಿದೆ. ಒಡತಿಯಾದರೋ ಇನ್ನೂ ಅದೇ ಮನೆಯಲ್ಲಿದ್ದಾಳೆ. ಮೇರಿಯಾನಳಿಗೆ ಅವಳ ಪರಿಚಯವೇ ಇಲ್ಲ. ಇದು ಅನುಚಿತವಾಗಿದ್ದರೆ ತನಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ ಎಂಬುದು ಅವಳ ವಾದ. ಸಂತೋಷವಾದ ಮಾತ್ರಕ್ಕೆ ಉಚಿತವಾಗದು, ಆ ಮನೆ ಮುಂದೊಂದು ದಿನ ನಿನ್ನದೇ ಆಗುವುದಿದ್ದರೂ ನೀನು ಮಾಡಿದ್ದು ಸರಿಯಲ್ಲ ಎಂಬುದು ಅಕ್ಕ ಎಲಿನಾರಳ ಉತ್ತರ. ತನ್ನದಲ್ಲದ ಮನೆಯಲ್ಲಿ ತನ್ನದೆಂಬಂತೆ ಓಡಾಡಿದುದೇ ಇಲ್ಲಿ ಔಚಿತ್ಯಭಂಗ. ಯಾವುದು ತನ್ನದು, ಯಾವುದು ತನ್ನದಲ್ಲ ಎಂಬ ಎಚ್ಚರವೇ ಈ ಶಬ್ದದ ತಿರುಳು.

ಇದು ಪುಸ್ತಕದ ಮಾತಾಯಿತು. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿಯಾಗಿರುವ ಶಿಷ್ಯರೊಬ್ಬರು ಕೆಲವು ವರ್ಷಗಳ ಹಿಂದೆ ಬಾಡಿದ ಮೋರೆ ಹೊತ್ತು ಮಠಕ್ಕೆ ಬಂದರು. ಕಚೇರಿಯ ಹೊಸ ಕಟ್ಟಡದ ಉದ್ಘಾಟನೆಗೆ ಅವರು ಮಾಡಿಸಿದ ಖರ್ಚನ್ನು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದರು. “ಬುದ್ಧೀ, ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೇನೆ. ಪ್ರತಿಯೊಂದಕ್ಕೂ ರಸೀದಿಯಿದೆ. ಮಂಜೂರು ಮಾಡುವ ಅಧಿಕಾರವೂ ನನಗಿತ್ತು. ಒಂದು ರೂಪಾಯಿಯನ್ನೂ ಮುಟ್ಟಿಲ್ಲ. ಆದರೂ ‘ಪ್ರೊಪ್ರೈಟಿ’ ಇಲ್ಲವೆಂದು ಬರೆದಿದ್ದಾರೆ. ಇಪ್ಪತ್ತೈದು ವರ್ಷದ ಸೇವೆಯ ಮೇಲೆ ಮಸಿ ಬಳಿದಂತಾಯಿತು” ಎಂದು ಕಣ್ಣೀರು ತಂದರು.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಈ ಶಬ್ದಕ್ಕೆ ಪ್ರತ್ಯೇಕ ಸ್ಥಾನವಿದೆ. 2017ರ ನಿಯಮಗಳಲ್ಲಿ 21ನೆಯದು ಹಣಕಾಸಿನ ಔಚಿತ್ಯವನ್ನೇ ಕುರಿತದ್ದು. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಹಣವನ್ನು ವೆಚ್ಚಮಾಡುವಾಗ ವಹಿಸುವಷ್ಟೇ ಎಚ್ಚರವನ್ನು ಸಾರ್ವಜನಿಕ ಹಣದ ವಿಷಯದಲ್ಲೂ ಅಧಿಕಾರಿಯು ವಹಿಸಬೇಕು. ಸಂದರ್ಭಕ್ಕೆ ಬೇಕಾದುದಕ್ಕಿಂತ ಹೆಚ್ಚು ವೆಚ್ಚ ಕೂಡದು. ತನಗೇ ಲಾಭವಾಗುವ ಆದೇಶವನ್ನು ತಾನೇ ಹೊರಡಿಸಕೂಡದು ಎಂಬುದು ಅದರ ಸಾರಾಂಶ. ನಿಯಮ ಮೀರಿಲ್ಲವೆಂದು ತೋರಿಸಿದ ಮಾತ್ರಕ್ಕೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದಂತಲ್ಲ. “ನಿನ್ನ ಸ್ವಂತ ಮನೆಯ ಗೃಹಪ್ರವೇಶಕ್ಕೆ ಇಷ್ಟು ಹೂವು, ಇಷ್ಟು ಶಾಲು, ಇಷ್ಟು ನೆನಪಿನ ಕಾಣಿಕೆ ತರಿಸುತ್ತಿದ್ದೆಯೇನಪ್ಪಾ?” ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ ಬುದ್ಧಿ, ಅರ್ಧದಲ್ಲಿ ಮುಗಿಸುತ್ತಿದ್ದೆ” ಎಂದರು. ಕಳ್ಳನೆಂದು ಅವರನ್ನು ಯಾರೂ ಕರೆದಿರಲಿಲ್ಲ. ಪರರ ಹಣದಲ್ಲಿ ಕೈ ಸಡಿಲವಾಯಿತೆಂದಷ್ಟೇ ಆಕ್ಷೇಪ. ಅದನ್ನು ಒಪ್ಪಿಕೊಂಡ ಮೇಲೆ ಅವರ ಮುಖ ಒಂದಿಷ್ಟು ತಿಳಿಯಾಯಿತು.

ಆದರೆ ಇದೇ ಶಬ್ದ ಅನ್ಯಾಯದ ಆಯುಧವೂ ಆಗಿದೆಯೆಂಬುದನ್ನು ಮರೆಮಾಚಲಾಗದು. 1799ರಲ್ಲಿ ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ಬರೆದ ಹ್ಯಾನಾ ಮೋರ್, ಸ್ತ್ರೀಗೆ ಬೇಕಾದ ಮೊದಲನೆಯ, ಎರಡನೆಯ, ಮೂರನೆಯ ಗುಣವೂ ‘ಪ್ರೊಪ್ರೈಟಿ’ಯೇ ಎಂದರು. ಅದಕ್ಕೆ ಏಳು ವರ್ಷ ಮೊದಲೇ, 1792ರಲ್ಲಿ, ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸಿ ಬರೆದ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಇಂತಹ ಹೊರನೋಟದ ಸಭ್ಯತೆಯ ಪಾಠವನ್ನು ಖಂಡಿಸಿದ್ದರು. ನಮ್ಮ ಮನೆಗಳಲ್ಲಿಯೂ ಮಗಳು ಓದಲು ಹೊರಟಾಗ, ಸೊಸೆ ಎದುರು ಮಾತಾಡಿದಾಗ ‘ಮರ್ಯಾದೆ’ಯ ನೆನಪಾಗುವಷ್ಟು ಬೇಗ, ತಮ್ಮನ ಪಾಲನ್ನು ಅಣ್ಣ ನುಂಗಿದಾಗ ಆಗುವುದಿಲ್ಲ. ಆದುದರಿಂದ ಔಚಿತ್ಯದ ಹೆಸರೆತ್ತಿದವರನ್ನು ಒಂದು ಪ್ರಶ್ನೆ ಕೇಳಬೇಕು: ಇದರಿಂದ ಕಾಪಾಡಲ್ಪಡುವುದು ಇನ್ನೊಬ್ಬರ ಪಾಲೋ, ಹೇಳುವವರ ಪ್ರತಿಷ್ಠೆಯೋ? ಇನ್ನೊಬ್ಬರ ಪಾಲಾದರೆ ತಲೆಬಾಗೋಣ. ಪ್ರತಿಷ್ಠೆಯಾದರೆ ಅದಕ್ಕೆ ಅಂಜಬೇಕಾದುದಿಲ್ಲ.

ಸಂಸ್ಕೃತದಲ್ಲಿ ‘ಮರ್ಯಾದಾ’ ಎಂದರೆ ಎಲ್ಲೆ, ಗಡಿ ಎಂದೇ ಅರ್ಥ. ಇಂಗ್ಲಿಷಿನವರು ಒಡೆತನದಿಂದ ಹೊರಟು ಬಂದು ಸೇರಿದ ಸ್ಥಳದಲ್ಲಿಯೇ ನಮ್ಮ ಹಿರಿಯರು ಹೊಲದ ಬದುವಿನಿಂದ ಹೊರಟು ಸೇರಿದ್ದಾರೆ. ‘ಉಚಿತ’ದ ನಡೆ ಮಾತ್ರ ಬೇರೆ. ಯೋಗ್ಯವಾದುದು ಎಂಬ ಅರ್ಥದ ಆ ಶಬ್ದವು ಇಂದಿನ ಕನ್ನಡದಲ್ಲಿ ‘ಬೆಲೆಯಿಲ್ಲದೆ ದೊರೆಯುವುದು’ ಎಂಬ ಅರ್ಥವನ್ನೂ ಪಡೆದಿದೆ. ಉಚಿತ ಬಸ್ಸು, ಉಚಿತ ಪುಸ್ತಕ, ಉಚಿತ ಪ್ರಸಾದನಿಲಯ ಎನ್ನುತ್ತೇವೆ.

ಈ ಪತ್ರಿಕೆಯನ್ನು ಓದುವವರಲ್ಲಿ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ಬಹುಮಂದಿ ಇದ್ದೀರಿ. ಆ ಅನ್ನ ತಮಗೆ ಉಚಿತವಾಗಿ ಬಂದಿತ್ತು. ಆದರೆ ಭಕ್ತರೊಬ್ಬರು ತಮ್ಮ ಕಣಜದಿಂದ ಅಳೆದು ಕೊಟ್ಟ ಜೋಳ, ರಾಗಿ, ಅಕ್ಕಿ ಅದರಲ್ಲಿತ್ತು. ಕೊಟ್ಟವರು ಅದಕ್ಕೆ ಬೆವರಿನ ಬೆಲೆ ತೆತ್ತಿದ್ದರು. ಪೀಠದಲ್ಲಿ ಕುಳಿತ ನಾವೂ ಆ ಧಾನ್ಯದ ಒಡೆಯರಲ್ಲ, ಕಾವಲಿನವರು. ಮಠದ ಲೆಕ್ಕದ ಪುಸ್ತಕಕ್ಕೆ ಸಹಿ ಹಾಕುವ ಪ್ರತಿ ಸಲವೂ ಆ ಶಿಷ್ಯರಿಗೆ ಕೇಳಿದ ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳುತ್ತೇವೆ. ತಾವು ಕುಳಿತ ಕುರ್ಚಿ ಯಾವುದೇ ಇರಲಿ, ತಮ್ಮ ಮುಂದೆ ಬರುವ ಕಾಗದದ ಮೇಲೆ ಸಹಿ ಬೀಳುವ ಮುನ್ನ ತಾವೂ ಅದನ್ನು ಕೇಳಿಕೊಳ್ಳುವುದು ಉಚಿತ.