ಹುಳದ ಉಪವಾಸ

ಬೀದರಿನ ನಮ್ಮ ನೌಬಾದದ ಹೆಸರಿಗೆ ಹೊಸದಾಗಿ ನೆಲೆಯಾದ ಊರು ಎಂದರ್ಥ. ಹಿತ್ತಿಲಿನ ಎಲೆಕೋಸಿನ ಎಲೆ ಮಗುಚಿದಾಗಲೆಲ್ಲ ಆ ಹೆಸರು ನೆನಪಾಗುತ್ತದೆ, ಅಲ್ಲಿ ಇನ್ನೊಂದು ನೌಬಾದ! ಎರಡೂ ತುದಿ ಚೂಪಾದ ತಿಳಿಹಸಿರು ಹುಳಗಳು. ಬೆರಳು ತಾಗಿದರೆ ಹಿಂದುಹಿಂದಕ್ಕೆ ಹೊರಳಾಡಿ, ನೂಲು ಬಿಟ್ಟು ಜೋತುಬೀಳುತ್ತವೆ. ಸದ್ದಡಗಿದ ಮೇಲೆ ಅದೇ ನೂಲು ಹಿಡಿದು ಮನೆಗೆ ವಾಪಸ್. ಅಡಿಯಿಂದ ಮೇದು ಮೇಲಿನ ಪೊರೆ ಮಾತ್ರ ಬಿಡುವುದರಿಂದ ಎಲೆಯ ತುಂಬ ಗಾಜಿನ ಕಿಟಕಿ. ವಜ್ರಬೆನ್ನಿನ ಪತಂಗದ ಮಕ್ಕಳಿವು.

“ಎಣ್ಣಿ ಹೊಡೀರಿ ಕಾಕಾ, ಸಂಜಿತನಾ ಸಾಫ್ ಆಗ್ತಾವ” ಎನ್ನುತ್ತಾನೆ ಪಕ್ಕದ ಮನೆಯ ಹುಡುಗ. ನಮ್ಮ ಕಡೆ ತೊಗರಿಯ ಕೀಡಿಗೆ ಹೊಡೆಯುವ ಔಷಧಿಯೆಲ್ಲ ಎಣ್ಣಿಯೇ. ನಾನು ಹೊಡೆಯುವುದು ಬಿಟಿ ಪುಡಿ, ಅಂದರೆ ಮಣ್ಣಲ್ಲೇ ಬದುಕುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಬಿಟಿ ಹತ್ತಿಯಲ್ಲಿ ಇದರ ಜೀನು ಗಿಡದೊಳಗೇ ಕೂತಿರುತ್ತದೆ. ನನ್ನ ಬಕೆಟ್ಟಿಗೆ ಬೀಳುವುದು ಇಡೀ ಜೀವಿ.

ಲೀಟರಿಗೆ 1 ಗ್ರಾಂ. ಮೊದಲು ಬಟ್ಟಲಲ್ಲಿ ಅಂಬಲಿಯ ಹಿಟ್ಟಿನಂತೆ ಗಂಟಿಲ್ಲದೆ ಕದಡಬೇಕು. ಕೋಸಿನೆಲೆಗೆ ಮೇಣದ ಲೇಪ, ನೀರು ಪಾದರಸದ ಹಾಗೆ ಉರುಳಿಹೋಗುತ್ತದೆ. ಅದಕ್ಕೊಂದಿಷ್ಟು ಸೋಪಿನ ನೀರು. ಮೊದಲ ವರ್ಷ ಬೆಳಗಿನ ಹನ್ನೊಂದಕ್ಕೆ ಹೊಡೆದಿದ್ದೆ. ಬೀದರಿನ ಬಿಸಿಲು ನನ್ನ ಬ್ಯಾಕ್ಟೀರಿಯಾವನ್ನು ಮುಗಿಸಿತು, ಹುಳ ಮಾತ್ರ ದಪ್ಪಗಾದವು. ಈಗ ಸಂಜೆಯ ಮಗ್ರಿಬ್ ಆಜಾನ್ ಕೇಳಿದ ಮೇಲೆಯೇ ಪಂಪು ಹೆಗಲೇರುವುದು. ಎಲೆಯಡಿಗೆ ನಳಿಗೆ ತಿರುಗಿಸಿ, ಬಗ್ಗಿ ಬಗ್ಗಿ ಹೊಡೆಯುವ ಆ ಅರ್ಧ ಗಂಟೆಯ ಸೊಂಟನೋವು ನನಗೆ ಇಷ್ಟ. ಹುಳ ಎಳೆಯದಾಗಿರುವಾಗಲೇ ಹೊಡೆಯಬೇಕು, ಬಲಿತವಕ್ಕೆ ಇದು ಅಷ್ಟಾಗಿ ನಾಟುವುದಿಲ್ಲ.

ಮೈಗೆ ತಾಗಿದರೆ ಏನೂ ಇಲ್ಲ, ತಿನ್ನಬೇಕು. ಬ್ಯಾಕ್ಟೀರಿಯಾದೊಳಗಿನ ಪ್ರೋಟೀನಿನ ಹರಳು ಹುಳದ ಕ್ಷಾರದ ಕರುಳಲ್ಲಿ ಕರಗಿ, ಕರುಳಿನ ಗೋಡೆಗೆ ತೂತು ಕೊರೆಯುತ್ತದೆ. ನಮ್ಮ ಹೊಟ್ಟೆಯಲ್ಲಿ ಹುಳಿ. ಅಲ್ಲಿ ಅದರ ಆಟ ನಡೆಯದು. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತ ಈ ಬ್ಯಾಕ್ಟೀರಿಯಾವನ್ನು ಕಂಡದ್ದು ಸಾಯುತ್ತಿದ್ದ ರೇಷ್ಮೆಹುಳದಲ್ಲಿ. ಹತ್ತು ವರ್ಷದ ಮೇಲೆ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಮರಿಯಲ್ಲಿ ಕಂಡು, ತುರಿಂಜಿಯಾ ಸೀಮೆಯ ಹೆಸರಿಟ್ಟ. ಹಿಪ್ಪುನೇರಳೆಯ ಹತ್ತಿರ ಈ ಪಂಪು ಒಯ್ಯಬಾರದು. ರೇಷ್ಮೆಯವರಿಗೆ ಇದು ಯಮ.

ವಜ್ರಬೆನ್ನಿನ ಪತಂಗವೂ ದಡ್ಡನಲ್ಲ. ಹೊಲದಲ್ಲಿ ಬಿಟಿಯನ್ನು ಅರಗಿಸಿಕೊಳ್ಳಲು ಮೊದಲು ಕಲಿತ ಕೀಟ ಇದೇ. ಹಾಗಾಗಿ ವಾರವಾರ ಹೊಡೆಯುವ ಚಟ ನಾನಿಟ್ಟುಕೊಂಡಿಲ್ಲ. ಸಾಲುಗಳ ನಡುವೆ ಸಾಸಿವೆ ಬಿತ್ತಿ, ಅತ್ತ ಮೊಟ್ಟೆಯಿಡಲಿ ಎಂದು ಬಿಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ಕೂತರೆ ಮೇಲ್ನೋಟಕ್ಕೆ ಏನೂ ಆಗಿಲ್ಲ. ಹುಳ ಅಲ್ಲೇ ಇದೆ. ಎಲೆಯ ಕಿಟಕಿ ಮಾತ್ರ ನಿನ್ನೆಯಷ್ಟೇ ಅಗಲ, ಒಂದು ಕೂದಲೆಳೆ ಹೆಚ್ಚಿಲ್ಲ. ದವಡೆ ನಿಂತಿದೆ. ಕಪ್ಪಾಗಿ ಮೆತ್ತಗೆ ಜೋತುಬೀಳಲು ಇನ್ನೂ ಎರಡು ದಿನ ಬೇಕು. ಪಕ್ಕದಲ್ಲೇ ಜೇಡವೊಂದು ತನ್ನ ಪಾಡಿಗೆ ಎಲೆ ದಾಟುತ್ತಿದೆ.

“ಸತ್ತಾವೇನ್ರಿ ಕಾಕಾ?” ಗೋಡೆಯಾಚೆಯಿಂದ ಹುಡುಗ.

“ಇಲ್ಲೋ, ಉಪಾಸ ಕುಂತಾವ.”