ಸೀಲು, ಸಹಿ ಮತ್ತು ಟ್ಯೂಬ್ ಲೆವೆಲ್ಲು

ಕಡೂರಿನಲ್ಲಿರುವ ಅಕ್ಕ ಫೋನ್ ಮಾಡುವುದು ಸಾಮಾನ್ಯವಾಗಿ ರಾತ್ರಿ ಊಟ ಮುಗಿದ ಮೇಲೆ. ಅವತ್ತು ಬೆಳಿಗ್ಗೆ ಎಂಟೂವರೆಗೇ ಮಾಡಿದಳು. ನಾನು ಅಜ್ಜಂಪುರದ ಹೊರವಲಯದಲ್ಲಿ ಒಂದು ಮನೆಯ ಪಾಯದ ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ಎದೆ ಧಸಕ್ಕೆಂದಿತು. ಅಮ್ಮನಿಗೇನಾದರೂ ಆಯಿತಾ ಎಂದು ಫೋನ್ ಎತ್ತಿದರೆ ಅಕ್ಕ ನಗುತ್ತಿದ್ದಳು.

"ಏನಿಲ್ಲ ಕಣೋ. ಇವಳಿಗೆ ಕೊನೇ ಸೆಮಿಸ್ಟರಲ್ಲಿ ಇಂಟರ್ನ್‌ಶಿಪ್ ಅಂತ ಇದೆಯಂತೆ. ನಿನ್ನ ಆಫೀಸಿನ ಲೆಟರ್‌ಹೆಡ್ಡಲ್ಲಿ ಒಂದು ಸರ್ಟಿಫಿಕೇಟ್ ಬರೆದು, ಸೀಲ್ ಹಾಕಿ ಕೊಟ್ಟುಬಿಡು. ಹೆಣ್ಣುಹುಡುಗಿ, ಬಿಸಿಲಲ್ಲಿ ಅಲ್ಲಿಗೆಲ್ಲ ಎಲ್ಲಿ ಬರ್ತಾಳೆ?"

"ನೋಡೋಣ ಬಿಡು" ಎಂದೆ. ನಮ್ಮ ಕಡೆ "ನೋಡೋಣ" ಎಂದರೆ ಅರ್ಧ ಒಪ್ಪಿಗೆ. ಅಕ್ಕ ಅದನ್ನು ಪೂರ್ತಿ ಒಪ್ಪಿಗೆ ಎಂದೇ ತಿಳಿದು ಫೋನ್ ಇಟ್ಟಳು.

ಅವಳು ಕೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ವರ್ಷಕ್ಕೆ ಐದಾರು ಹುಡುಗರಾದರೂ ಇದೇ ಕೋರಿಕೆ ಹಿಡಿದು ನನ್ನ ಪುಟ್ಟ ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ಡಿಪ್ಲೊಮಾದವರೂ ಬರುತ್ತಾರೆ, ಬಿ.ಇ. ಓದುವವರೂ ಬರುತ್ತಾರೆ. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಇದು ಹೆಚ್ಚಾಗಿದೆ. ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಪುಸ್ತಕದಲ್ಲಿ ಓದಿದ್ದನ್ನು ಹುಡುಗರು ಕೈಯಲ್ಲಿ ಮುಟ್ಟಿ ನೋಡಲಿ ಅಂತ. ಆದರೆ ಅಷ್ಟೊಂದು ಹುಡುಗರನ್ನು ಸೇರಿಸಿಕೊಂಡು ಕಲಿಸುವ ಸೈಟುಗಳು ಎಲ್ಲಿವೆ? ಹಾಗಾಗಿ ಒಂದು ದಿನ ಹೆಲ್ಮೆಟ್ ಹಾಕಿಕೊಂಡು ನಾಲ್ಕು ಫೋಟೋ, ಸೀನಿಯರ್ ಒಬ್ಬನ ಡೈರಿ ನೋಡಿ ಬರೆದ ಡೈರಿ, ಕೊನೆಗೆ ನನ್ನಂಥವನ ಸೀಲು. ಕಾಲೇಜಿನಲ್ಲಿ ಹಾಳೆ ತಿರುಗಿಸಿ ಸೀಲು ಇದೆಯಾ ಎಂದು ನೋಡುತ್ತಾರೆ. ದುಡ್ಡು ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ನಾನು ದುಡ್ಡು ತೆಗೆದುಕೊಂಡಿಲ್ಲ. ಆದರೆ ಒಂದೆರಡು ಸಲ ದಾಕ್ಷಿಣ್ಯಕ್ಕೆ ಬಿದ್ದು ಸೀಲು ಒತ್ತಿದ್ದೇನೆ. ಸುಳ್ಳು ಹೇಳಿ ಏನು ಪ್ರಯೋಜನ.

ಫೋನ್ ಜೇಬಿಗಿಟ್ಟು ಗುಂಡಿಯೊಳಗೆ ನೋಡಿದೆ. ನಮ್ಮ ಸೀಮೆಯ ಎರೆ ಮಣ್ಣು. ಈರುಳ್ಳಿ ಬೆಳೆಯುವವನಿಗೆ ಇದು ಬಂಗಾರ, ಮನೆ ಕಟ್ಟುವವನಿಗೆ ತಲೆನೋವು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಮೇಲೆ ಪಾಯ ಹಾಕಿದರೆ ಒಂದೆರಡು ವರ್ಷದಲ್ಲಿ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು, ಎರೆ ತೆಗೆದು ಮೊರಂ ತುಂಬಬೇಕು, ಕಾಲಂಗಳನ್ನು ಪ್ಲಿಂತ್ ಬೀಮಿನಿಂದ ಬಿಗಿಯಾಗಿ ಕಟ್ಟಬೇಕು. ಇದು ನನಗೆ ಕಾಲೇಜಿನಲ್ಲಿ ಗೊತ್ತಾಗಲಿಲ್ಲ. ಅಲ್ಲಿ "ಬ್ಲ್ಯಾಕ್ ಕಾಟನ್ ಸಾಯಿಲ್" ಎಂದು ಐದು ಅಂಕದ ಪ್ರಶ್ನೆಯಾಗಿ ಓದಿದ್ದೆ. ನಮ್ಮಪ್ಪನ ಹೊಲದ ಎರೆಯೇ ಅದು ಎಂದು ಹೊಳೆದದ್ದು ಟ್ರೈನಿಂಗಿಗೆ ಹೋದಾಗ.

ಆಗ ಅದಕ್ಕೆ ಇಂಟರ್ನ್‌ಶಿಪ್ ಎಂಬ ಹೆಸರಿರಲಿಲ್ಲ, ಟ್ರೈನಿಂಗ್ ಅನ್ನುತ್ತಿದ್ದೆವು. ಒಂದು ಎರಡಂತಸ್ತಿನ ಕಟ್ಟಡದ ಕೆಲಸ. ಊರು, ಕಂಟ್ರಾಕ್ಟರು ಯಾರೆಂಬುದು ಬೇಡ. ಮೊದಲ ವಾರ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಸೂಪರ್‌ವೈಸರ್ ಟೀ ತರಲು ಕಳಿಸುತ್ತಿದ್ದ, ಸಿಮೆಂಟ್ ಚೀಲ ಎಣಿಸಲು ಹೇಳುತ್ತಿದ್ದ. ಎರಡನೇ ವಾರ ಅಲ್ಲಿನ ಮೇಸ್ತ್ರಿ ನನ್ನ ಕೈಗೆ ಒಂದು ಪಾರದರ್ಶಕ ಪೈಪಿನ ತುದಿ ಕೊಟ್ಟ. ಉದ್ದನೆಯ ಪೈಪು, ಒಳಗೆ ನೀರು.

"ಇದನ್ನ ಹಿಡ್ಕೊಂಡು ಆ ಕಾಲಂ ಹತ್ರ ನಿಂತ್ಕೊಳ್ಳಿ ಇಂಜಿನಿಯರ್ರೇ. ನೀರು ಅಲುಗಾಡೋದು ನಿಂತ ಮೇಲೆ ಗುರುತು ಹಾಕಿ. ಮೊದ್ಲೇ ಹಾಕ್ಬೇಡಿ."

ಅದೇ ಟ್ಯೂಬ್ ಲೆವೆಲ್ಲು. ಕಾಲೇಜಿನಲ್ಲಿ ಡಂಪಿ ಲೆವೆಲ್ಲು, ಥಿಯೊಡೊಲೈಟು ಎಲ್ಲ ನೋಡಿದ್ದೆ, ಇದನ್ನು ನೋಡಿರಲಿಲ್ಲ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ನಡುವೆ ಗೋಡೆಯಿರಲಿ, ತಿರುವಿರಲಿ. ಒಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಮಾತ್ರ ಮಟ್ಟ ತಪ್ಪುತ್ತದೆ. ಮೇಸ್ತ್ರಿ ಪ್ರತಿಸಲ ಪೈಪನ್ನು ಉದ್ದಕ್ಕೂ ಬೆರಳಿನಿಂದ ತಟ್ಟುತ್ತ ಗುಳ್ಳೆ ಹುಡುಕುತ್ತಿದ್ದ. ಹಗ್ಗದಲ್ಲಿ ಮೂರಡಿ, ನಾಲ್ಕಡಿ ಗುರುತು ಹಾಕಿ, ಓರೆಯ ಅಳತೆ ಐದಡಿ ಬಂದರೆ ಮೂಲೆ ಸರಿ ಎಂದು ತೋರಿಸಿಕೊಟ್ಟವನೂ ಅವನೇ. ಅವನು ಪೈಥಾಗೊರಸನ ಹೆಸರು ಕೇಳಿರಲಿಲ್ಲ, ನಾನು ಹೇಳಲೂ ಇಲ್ಲ.

ಅದೇ ಸೈಟಿನಲ್ಲಿ ಇನ್ನೊಂದು ಪಾಠವೂ ಆಯಿತು. ಕಾಂಕ್ರೀಟು ಹಾಕುವ ದಿನ ಅದರದೇ ಮಾಲು ತೆಗೆದು ಹದಿನೈದು ಸೆಂಟಿಮೀಟರಿನ ಚೌಕದ ಅಚ್ಚುಗಳಿಗೆ ತುಂಬಿ, ಮಾರನೇ ದಿನ ಬಿಚ್ಚಿ, ನೀರಿನಲ್ಲಿ ಮುಳುಗಿಸಿಡಬೇಕು. ಏಳನೇ ದಿನ ಕೆಲವು, ಇಪ್ಪತ್ತೆಂಟನೇ ದಿನ ಕೆಲವು ಕ್ಯೂಬುಗಳನ್ನು ಲ್ಯಾಬಿನಲ್ಲಿ ಒತ್ತಿ ಒಡೆದು ಬಲ ಎಷ್ಟಿದೆ ಎಂದು ನೋಡಬೇಕು. ನಮ್ಮ ಸೈಟಿನ ಕ್ಯೂಬುಗಳು ಸ್ಟೋರಿನ ತಗಡಿನ ಕೆಳಗೆ ಒಣಗುತ್ತ ಬಿದ್ದಿದ್ದವು. ಒಂದು ಮಧ್ಯಾಹ್ನ ಸೂಪರ್‌ವೈಸರ್ ರಿಜಿಸ್ಟರ್ ತಂದು ನನ್ನ ಮುಂದಿಟ್ಟ. "ನಿನ್ನ ಅಕ್ಷರ ಚೆನ್ನಾಗಿದೆ. ಇಪ್ಪತ್ತೆಂಟು ದಿನದ ಕಾಲಂ ತುಂಬು. ಎಲ್ಲದಕ್ಕೂ ಒಂದೇ ನಂಬರ್ ಹಾಕಬೇಡ, ಸ್ವಲ್ಪ ಹಿಂದೆ ಮುಂದೆ ಇರಲಿ."

ನಾನು ತುಂಬಿದೆ. 24.2, 25.1, 23.8. ಹತ್ತೊಂಬತ್ತು ವರ್ಷದ ಹುಡುಗ, ನನ್ನ ಅಕ್ಷರವನ್ನು ಹೊಗಳಿದ್ದಕ್ಕೆ ಖುಷಿಯೂ ಆಗಿತ್ತು. ಸರ್ಟಿಫಿಕೇಟಿನಲ್ಲಿ ಅವರು "ಉತ್ತಮ" ಎಂದು ಬರೆದುಕೊಟ್ಟರು.

ಆ ಕಟ್ಟಡ ಇನ್ನೂ ನಿಂತಿದೆ. ಅದಕ್ಕೇನೂ ಆಗಿಲ್ಲ. ಆದರೆ ಇಷ್ಟು ವರ್ಷವಾದರೂ ಆ ದಾರಿಯಲ್ಲಿ ಹೋಗುವಾಗ ನನ್ನ ಕಣ್ಣು ಮೊದಲು ಹೋಗುವುದು ಅದರ ಕಾಲಂಗಳ ಬುಡಕ್ಕೆ. ಬಿರುಕು ಹುಡುಕುತ್ತೇನೆ. ಒಳಗೆ ಜನ ಓಡಾಡುತ್ತಿರುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ: ಆ ಕಾಂಕ್ರೀಟಿನ ಬಲ ಎಷ್ಟೆಂದು ಯಾರಿಗೂ ಗೊತ್ತಿಲ್ಲ.

ಅಕ್ಕನ ಫೋನ್ ಬಂದ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಅಮೃತಾಪುರಕ್ಕೆ ಹೋಗಿದ್ದೆ. ತರೀಕೆರೆಯ ಹತ್ತಿರದ ಅಮೃತೇಶ್ವರ ದೇವಸ್ಥಾನ ನಮಗೆ ಹೊಸದಲ್ಲ, ಬಂಧುಗಳು ಬಂದಾಗಲೆಲ್ಲ ತೋರಿಸುವ ಜಾಗ. ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು ಅನ್ನುತ್ತಾರೆ. ಆದರೆ ನಾನು ಪ್ರತಿಸಲ ಕತ್ತೆತ್ತಿ ನೋಡುವುದು ಮಂಟಪದ ಭುವನೇಶ್ವರಿಗಳನ್ನು. ರೂವಾರಿ ಮಲ್ಲಿತಮ್ಮ ಎಂಬ ಶಿಲ್ಪಿ ಕಸುಬು ಶುರುಮಾಡಿದ್ದು ಇಲ್ಲಿ, ಈ ಗುಮ್ಮಟದಂಥ ಒಳಮಾಳಿಗೆಗಳಲ್ಲಿ ಎನ್ನುತ್ತಾರೆ ಬಲ್ಲವರು. ಅದೇ ಮಲ್ಲಿತಮ್ಮನ ಹೆಸರು ಎಪ್ಪತ್ತು ವರ್ಷದ ಮೇಲೆ ಸೋಮನಾಥಪುರದಲ್ಲೂ ಸಿಗುತ್ತದೆ. ಹೊಯ್ಸಳರ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೊರೆಯುತ್ತಿದ್ದರು.

ಅವನಿಗೆ ಇಲ್ಲಿ ಉಳಿ ಹಿಡಿಯುವುದನ್ನು ಕಲಿಸಿದವರು ಯಾರೋ. ಅವನು ಮೊದಲು ಹಾಳುಮಾಡಿದ ಕಲ್ಲು ಯಾವುದೋ. ಯಾರಾದರೂ ಅವನಿಗೆ ಕೆಲಸ ಕಲಿತನೆಂದು ಓಲೆ ಬರೆದುಕೊಟ್ಟಿದ್ದರೆ ಅದು ಎಂದೋ ಗೆದ್ದಲು ಹಿಡಿದಿರುತ್ತಿತ್ತು. ಮೇಲಿರುವ ಕಲ್ಲು ಉಳಿದಿದೆ. ಅವನ ಸಹಿ ಇರುವುದು ಅವನು ಮಾಡಿದ ಕೆಲಸದ ಕೆಳಗೆ. ನನ್ನ ಮೊದಲ ಸಹಿ ಇರುವುದು ನಾನು ಮಾಡದ ಪರೀಕ್ಷೆಯ ಕೆಳಗೆ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಸರ್ಟಿಫಿಕೇಟ್ ಕೊಡ್ತೀನಿ. ಆದರೆ ಅವಳು ಬರಬೇಕು." ಅಕ್ಕನಿಗೆ ಸಿಟ್ಟು ಬಂತು. ಸ್ವಂತ ತಮ್ಮನೇ ಹೀಗಂದರೆ ಹೇಗೆ, ಬೇರೆಯವರ ಮಕ್ಕಳಿಗೆ ಕೊಟ್ಟಿಲ್ಲವಾ ಎಂದಳು. ಕೊಟ್ಟಿದ್ದೆನಲ್ಲ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫೋನು ಮಗಳ ಕೈಗೆ ಹೋಯಿತು.

"ಮಾವ, ನಾನು ಬರಲ್ಲ ಅಂದಿಲ್ಲ. ಒಂದು ಮಾತು ಕೇಳಲಾ?"

"ಕೇಳಮ್ಮ."

"ನಿಮ್ಮ ಸೈಟಲ್ಲಿ ಟಾಯ್ಲೆಟ್ ಇದೆಯಾ?"

ನಾನು ತಡವರಿಸಿದೆ. ಅವಳು ಹೇಳಿದ್ದು ಇಷ್ಟು: ಹಿಂದಿನ ರಜೆಯಲ್ಲಿ ಗೆಳತಿಯೊಬ್ಬಳ ಜೊತೆ ಒಂದು ಸೈಟಿಗೆ ಹತ್ತು ದಿನ ಹೋಗಿದ್ದಳಂತೆ. ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲವಂತೆ. ಅದಕ್ಕೇ ಬಿಟ್ಟದ್ದು. ಅಮ್ಮನಿಗೆ ಬಿಸಿಲು ಎಂದು ಹೇಳಿದ್ದಳಂತೆ.

ನಾನು ಇಷ್ಟು ವರ್ಷ ಮನೆಗಳನ್ನು ಕಟ್ಟಿಸಿದ್ದೇನೆ. ಪ್ರತಿ ಪ್ಲಾನಿನಲ್ಲೂ ಟಾಯ್ಲೆಟ್ಟಿನ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಮಾಲೀಕರ ಜೊತೆ ಗಂಟೆಗಟ್ಟಲೆ ಮಾತಾಡಿದ್ದೇನೆ. ಆ ಮನೆ ಕಟ್ಟುವ ಹೆಂಗಸರು, ಬಾಂಡ್ಲಿ ಹೊರುವವರು, ಇಟ್ಟಿಗೆಗೆ ನೀರು ಹಾಕುವವರು ಎಲ್ಲಿಗೆ ಹೋಗುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕಾಯ್ದೆಯಲ್ಲೇ ಕೆಲಸದ ಜಾಗದಲ್ಲಿ ಶೌಚಾಲಯ ಇರಬೇಕೆಂದು ಬರೆದಿತ್ತು. ಸಣ್ಣ ಮನೆ ಕೆಲಸ, ಹತ್ತು ಜನರೂ ಇಲ್ಲ, ಅದು ನಮಗಲ್ಲ ಎಂದುಕೊಂಡಿದ್ದೆ. ಕೆಲಸ ಕಲಿಯಲು ಬಾ ಎಂದು ದೊಡ್ಡದಾಗಿ ಕರೆದವನಿಗೆ ಮೊದಲ ಪಾಠ ಅವಳೇ ಫೋನಿನಲ್ಲಿ ಹೇಳಿಕೊಟ್ಟಳು.

ಎರಡು ದಿನದ ಕೆಲಸ ಅದು. ಸೈಟಿನ ಹಿಂಬದಿ ಒಂದು ಗುಂಡಿ, ಬೇಸಿನ್, ನಾಲ್ಕು ಹಳೇ ತಗಡು, ಒಳಗಿನಿಂದ ಚಿಲಕ, ಒಂದು ಡ್ರಮ್ ನೀರು. ಖರ್ಚು ಒಂದು ಕಿಟಕಿಗಿಂತ ಕಡಿಮೆ. ಕೆಲಸಕ್ಕೆ ಬರುವ ಶಿವನಿ ಕಡೆಯ ಹೆಂಗಸೊಬ್ಬಳು ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು. ಏನೂ ಅನ್ನಲಿಲ್ಲ.

ಅಕ್ಕನ ಮಗಳು ಸೋಮವಾರ ಬಸ್ಸಿಳಿದು ಬಂದಳು. ಮೊದಲ ವಾರ ಕಂಬಿ ಕಟ್ಟುವವರ ಜೊತೆ ಕೂತಳು. ರಿಂಗಿನ ಕೊಕ್ಕೆಯನ್ನು ಸುಮ್ಮನೆ ಮೂಲೆಗೆ ಮಡಚದೆ ಒಳಕ್ಕೆ, 135 ಡಿಗ್ರಿಗೆ ಯಾಕೆ ಬಾಗಿಸಬೇಕು ಎಂದು ಅವರಿಗೆ ಇವಳು ಹೇಳಿದಳು; ಕಟ್ಟುತಂತಿಯನ್ನು ಎರಡು ಸುತ್ತಿಗೆ ಬಿಗಿಯುವುದು ಹೇಗೆಂದು ಇವಳಿಗೆ ಅವರು ಹೇಳಿದರು. ಎರಡನೇ ವಾರ ಮೇಸ್ತ್ರಿ ಟ್ಯೂಬ್ ಲೆವೆಲ್ಲಿನ ತುದಿ ಕೊಟ್ಟ. ಇವನು ಬೇರೆ ಮೇಸ್ತ್ರಿ, ಮಾತು ಮಾತ್ರ ಅದೇ: "ನೀರು ನಿಲ್ಲಲಿ ಮೇಡಂ, ಆಮೇಲೆ ಗುರುತು."

ನಮ್ಮೂರಿನ ಪಕ್ಕದಲ್ಲೇ ಭದ್ರಾ ಮೇಲ್ದಂಡೆ ಯೋಜನೆಗೆ ಗುಡ್ಡದೊಳಗೆ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ಭದ್ರೆಯ ನೀರು ಮೇಲೆತ್ತಿಸಿಕೊಂಡು ಬಂದು ಅದರೊಳಗೆ ಹರಿದು ಚಿತ್ರದುರ್ಗದ ಕಡೆ ಹೋಗಬೇಕು. ಒಂದು ಸಂಜೆ ಆ ಕಾಲುವೆ ತೋರಿಸಲು ಕರೆದುಕೊಂಡು ಹೋದೆ. ಅವಳು ಬಹಳ ಹೊತ್ತು ನೋಡಿ, "ಇಲ್ಲೂ ಮಟ್ಟವೇ ಅಲ್ವಾ ಮಾವ" ಎಂದಳು. ಹೌದು. ಅಷ್ಟು ದೊಡ್ಡ ಕೆಲಸವೂ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂಬ ಲೆಕ್ಕದ ಮೇಲೇ ನಿಂತಿರುವುದು.

ಮೂರನೇ ವಾರ ಕಾಲಂಗಳಿಗೆ ಕಾಂಕ್ರೀಟು ಹಾಕಿದೆವು. ಕ್ಯೂಬುಗಳನ್ನು ಅವಳೇ ತುಂಬಿದಳು, ನೀರಿಗೆ ಹಾಕಿದಳು. ಏಳನೇ ದಿನ ಮೂರನ್ನು ಲ್ಯಾಬಿಗೆ ಕೊಂಡೊಯ್ದೆವು. ಎಂ-20 ಕಾಂಕ್ರೀಟಿಗೆ ಏಳು ದಿನಕ್ಕೆ 13ರ ಆಸುಪಾಸು ಬರಬೇಕು. ಬಂದದ್ದು ಸರಾಸರಿ 11.4.

ಅವಳು ಡೈರಿ ತೆರೆದು ತೋರಿಸಿದಳು. ಮಿಕ್ಸರಿನವನು ಮಧ್ಯಾಹ್ನದ ಮೇಲೆ ಮಾಲು ಸಲೀಸಾಗಿ ಇಳಿಯಲೆಂದು ಪ್ರತಿ ಸಲಕ್ಕೂ ಅರ್ಧ ಬಕೆಟ್ ನೀರು ಹೆಚ್ಚು ಹಾಕಿದ್ದನ್ನು ಸಮಯ ಸಮೇತ ಬರೆದಿದ್ದಳು. ಆಗ ನಾನು ಬೀರೂರಿಗೆ ಹೋಗಿದ್ದೆ. "ಹೇಳಿದೆ ಮಾವ, ಅವರು ನಕ್ಕರು" ಎಂದಳು. ರಿಜಿಸ್ಟರ್ ಅವಳ ಮುಂದಿತ್ತು. ಪೆನ್ನು ಹಿಡಿದು ನನ್ನ ಮುಖ ನೋಡಿದಳು.

"ಇದನ್ನೇ ಬರೀಲಾ?"

ಮಾಲೀಕರು ಶ್ರಾವಣದಲ್ಲಿ ಗೃಹಪ್ರವೇಶ ಎಂದು ಆಗಲೇ ನೆಂಟರಿಗೆ ಹೇಳಿಕೊಂಡಿದ್ದಾರೆ. ಈಗಿನ ಸಿಮೆಂಟು ನಿಧಾನವಾಗಿ ಬಲ ಪಡೆಯುತ್ತದೆ, ಇಪ್ಪತ್ತೆಂಟನೇ ದಿನಕ್ಕೆ ಸರಿಹೋಗುತ್ತದೆ ಎಂದು ಮೇಸ್ತ್ರಿ ಹೇಳುತ್ತಾನೆ. ಇರಬಹುದು. ಇಲ್ಲದಿದ್ದರೆ ಆ ಮಧ್ಯಾಹ್ನದ ನಾಲ್ಕು ಕಾಲಂ ಒಡೆಯಬೇಕು, ಖರ್ಚು ನನ್ನದು.

"ಬರಿ" ಎಂದೆ.

ಮಾಲೀಕರಿಗೂ ವಿಷಯ ಹೇಳಿದ್ದೇನೆ. ಫಲಿತಾಂಶ ಬರುವ ತನಕ ಸ್ಲ್ಯಾಬಿನ ಸೆಂಟ್ರಿಂಗ್ ಬೇಡ ಎಂದಿದ್ದೇನೆ. ಅವರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅಕ್ಕ ಮಾತಾಡುತ್ತಿದ್ದಾಳೆ, ಮಗಳು ಕಪ್ಪಗಾಗಿದ್ದಾಳೆ, ಎರಡು ಮುದ್ದೆ ಉಣ್ಣುತ್ತಾಳೆ ಎಂದು ದೂರುತ್ತಾಳೆ.

ಉಳಿದ ಮೂರು ಕ್ಯೂಬುಗಳು ಸೈಟಿನ ನೀಲಿ ಡ್ರಮ್ಮಿನ ನೀರಿನಲ್ಲಿ ಮುಳುಗಿವೆ. ಅವಳು ಬೆಳಿಗ್ಗೆ ಬಂದ ಕೂಡಲೇ ಮುಚ್ಚಳ ತೆಗೆದು ನೀರು ಇದೆಯಾ ಎಂದು ನೋಡುತ್ತಾಳೆ. ಇನ್ನೂ ಹನ್ನೊಂದು ದಿನ ಇದೆ.