ಜಾಜಿಯ ಗಂಧಕ್ಕೆ ಎಚ್ಚೆತ್ತ ಟೊಮೇಟೊ

ಹುಳು ಬಿದ್ದರೆ ಓಡಿಹೋಗಲು ಗಿಡಕ್ಕೆ ಕಾಲಿಲ್ಲ, ಕೊಡವಿಕೊಳ್ಳಲು ಕೈಯಿಲ್ಲ. ಹಾಗೆಂದು ಅದು ತೆಪ್ಪಗೆ ತಿನ್ನಿಸಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲಾರೆನ್ಸ್ ರಯಾನ್ ಮತ್ತು ಅವರ ಸಂಗಡಿಗ ಗ್ರೀನ್ 1972ರಲ್ಲೇ ಒಂದು ಸಂಗತಿ ಕಂಡುಕೊಂಡಿದ್ದರು. ಟೊಮೇಟೊ ಅಥವಾ ಆಲೂಗೆಡ್ಡೆ ಗಿಡದ ಒಂದು ಎಲೆಯನ್ನು ಜೀರುಂಡೆ ಕಡಿದರೆ, ಕಡಿಸಿಕೊಳ್ಳದ ಎಲೆಗಳಲ್ಲೂ ಒಂದು ವಿಶೇಷ ಪ್ರೋಟೀನು ತುಂಬಿಕೊಳ್ಳುತ್ತದೆ. ಅದು ಹುಳುವಿನ ಹೊಟ್ಟೆಯ ಜೀರ್ಣಕಿಣ್ವಗಳನ್ನೇ ಕಟ್ಟಿಹಾಕುತ್ತದೆ. ಎಷ್ಟು ತಿಂದರೂ ಮೈಗೆ ಹತ್ತದು!

1990ರಲ್ಲಿ ರಯಾನ್ ಮತ್ತು ಎಡ್ವರ್ಡ್ ಫಾರ್ಮರ್ ಗಿಡಕ್ಕೆ ಗಾಯವನ್ನೇ ಮಾಡಲಿಲ್ಲ. ಮುಚ್ಚಿದ ಪಾತ್ರೆಯೊಳಗೆ ಟೊಮೇಟೊ ಸಸಿಯಿಟ್ಟು, ಮೀಥೈಲ್ ಜಾಸ್ಮೋನೇಟ್ ಎಂಬ ರಾಸಾಯನಿಕದ ಆವಿಯನ್ನು ಸೋಕಿಸಿದರು, ಅಷ್ಟೆ. ಎಲೆಗಳಲ್ಲಿ ಅದೇ ಪ್ರೋಟೀನು! ಈ ವಸ್ತುವನ್ನು ಸೂಸುವ ಸೇಜ್‌ಬ್ರಷ್ ಎಂಬ ಒಣನಾಡಿನ ಪೊದೆಯ ಟೊಂಗೆಗಳನ್ನು ಜೊತೆಗಿಟ್ಟಾಗಲೂ ಅದೇ ಫಲ. ಇದನ್ನು ಮೊದಲು ಬೇರ್ಪಡಿಸಿದ್ದು 1962ರಲ್ಲಿ, ಜಾಜಿ ಹೂವಿನ ಎಣ್ಣೆಯಿಂದ. ನಮ್ಮ ಹೆಣ್ಣುಮಕ್ಕಳು ಮುಡಿಯುವ ಜಾಜಿಯ ಕಂಪಿನಲ್ಲಿ ಇದರ ಪಾಲೂ ಉಂಟು.

ಗಿಡಗಳು ಮಾತಾಡುತ್ತವೆ ಎಂದು ಹಿಗ್ಗುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ನಡೆದದ್ದೇ ಸಾಕಷ್ಟು ಸೊಗಸಾಗಿದೆ. ಆ ಪ್ರೋಟೀನಿನ ಜೀನ್ ಗಿಡದ ಪ್ರತಿ ಜೀವಕೋಶದಲ್ಲೂ ಮೊದಲೇ ಇದೆ, ಸುಮ್ಮನಿದೆ. ಸುಮ್ಮನಿರಿಸುವುದು ಜಾಜ್ ಎಂಬ ಕಾವಲು ಪ್ರೋಟೀನುಗಳ ಕೆಲಸ. ಜೀನನ್ನು ಚಾಲೂ ಮಾಡಬಲ್ಲ ಪ್ರೋಟೀನನ್ನು ಅವು ಅದುಮಿ ಹಿಡಿದಿರುತ್ತವೆ. ಒಳಹೊಕ್ಕ ರಾಸಾಯನಿಕ ಜೀವಕೋಶದಲ್ಲಿ ತುಸು ರೂಪ ಬದಲಿಸಿಕೊಂಡು, ಈ ಕಾವಲುಗಾರರು ನಾಶವಾಗುವಂತೆ ಮಾಡುತ್ತದೆ. ತಡೆ ಹೋಯಿತು, ಜೀನ್ ದುಡಿಯತೊಡಗಿತು. ಸಾಸಿವೆ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದು ಸ್ಪಷ್ಟವಾದದ್ದು 2007ರಲ್ಲಿ.

ಜೀನ್ ಇದ್ದರೆ ಗುಣ ಇದ್ದೇ ಇರುತ್ತದೆ ಎಂದು ಉರು ಹೊಡೆಯುವ ವಿದ್ಯಾರ್ಥಿಗಳೂ, ಗಣಿತದಲ್ಲಿ ಅಂಕ ಕಡಿಮೆ ಬಂದರೆ 'ನಮ್ಮ ವಂಶದಲ್ಲೇ ಇಲ್ಲ ಬಿಡಿ' ಎನ್ನುವ ತಂದೆ ತಾಯಂದಿರೂ ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಮಗುವಿನ ಗಣಿತ ಟೊಮೇಟೊ ಎಲೆಯಷ್ಟು ಸರಳವಲ್ಲ, ನಿಜ. ಆದರೆ ಜೀನ್ ಇರುವುದು ಬೇರೆ, ಅದು ದುಡಿಯುವುದು ಬೇರೆ ಎಂಬುದಂತೂ ಈ ಎಲೆಯಲ್ಲೇ ಕಾಣುತ್ತದೆ.

ಹಾಗಾದರೆ ಆ ಜೀನ್ ಸದಾ ಚಾಲೂ ಇದ್ದರೇನು, ಹುಳುವಿನ ಕಾಟವೇ ತಪ್ಪೀತಲ್ಲ? ತರಗತಿಯಲ್ಲಿ ಏಳಲೇಬೇಕಾದ ಪ್ರಶ್ನೆ. ಉತ್ತರ ಖರ್ಚಿನ ಲೆಕ್ಕದಲ್ಲಿದೆ. ಜಾಸ್ಮೋನೇಟ್ ಹೆಚ್ಚಿದಾಗ ಗಿಡದ ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೇ ಹುಳು ಬರುವತನಕ ಕಾವಲುಗಾರ ಬೇಕು.